ಆಲಿಕಲ್ಲಿನ ಮಳೆಯಲ್ಲಿ ಮೈಸೂರು

ಮೈಸೂರಿಗೆ ಹೋಗುವವರಲ್ಲಿ ಅನೇಕರು ದೀಪವನ್ನು ನೋಡಲು ಹೋಗುವರು. ನಾವೂ ಹಾಗೆಯೇ ಹೊರಟವರು. ಅಮೆರಿಕಾ ದೇಶದ ಟೆಕ್ಸಾಸ್ ಸಂಸ್ಥಾನದಲ್ಲಿರುವ ಆಸ್ಟಿನ್ ನಗರದಿಂದ ನಮ್ಮ ತಮ್ಮನ ಮಗನು ಬಂದಿದ್ದನು. ಹನ್ನೊಂದು ವರ್ಷದ ಹುಡುಗ. ಭಾನುವಾರ ಸಂಜೆ ಅರಮನೆಯ ಮೇಲೆ ಲಕ್ಷಕ್ಕೆ ಸಮೀಪವಾದ ದೀಪಗಳು ಒಮ್ಮೆಗೇ ಹತ್ತುವುದನ್ನು ಅವನಿಗೆ ತೋರಿಸಬೇಕೆಂದು 2024ನೆಯ ಇಸವಿಯ ಮೇ ತಿಂಗಳಿನ ಒಂದು ಶನಿವಾರ ರೈಲು ಹತ್ತಿ, ಚಾಮರಾಜಪುರದಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿ ಇಳಿದೆವು.

ಆ ವರ್ಷದ ಬೇಸಗೆಯನ್ನು ವಾಚಕರು ಮರೆತಿರಲಾರರು. 2023ರ ಮಳೆಗಾಲವು ಕೈಕೊಟ್ಟು, ಕಾವೇರಿಯು ಬಡವಾಗಿ, ಏಪ್ರಿಲ್ ತಿಂಗಳೆಲ್ಲ ನೆಲವು ಹಂಚಿನಂತೆ ಕಾದಿದ್ದಿತು. ಅತ್ತೆಯವರಿಗೆ ಮಾತ್ರ ಆ ಬಿಸಿಲು ಪ್ರಿಯವಾಗಿದ್ದಿತು. ಎಂಬತ್ತೆರಡು ವರ್ಷ ವಯಸ್ಸು, ಮೇಲೆ ಉಬ್ಬಸ. ಆದರೂ ಹಿತ್ತಿಲಿನ ತುಂಬ ಪಂಚೆಗಳನ್ನು ಹಾಸಿ ಅರಳುಸಂಡಿಗೆ ಇಟ್ಟಿದ್ದರು.

ಭಾನುವಾರ ಮಧ್ಯಾಹ್ನ ಮೂರೂವರೆ ಗಂಟೆಗೆ ಚಾಮುಂಡಿಬೆಟ್ಟದ ಕಡೆಯಿಂದ ಮೋಡವು ಎದ್ದಿತು. ಗಾಳಿ ಮೊದಲು, ಧೂಳು ಆಮೇಲೆ, ಹಿಂದೆಯೇ ಹೆಂಚಿನ ಮೇಲೆ ಯಾರೋ ಬೆಣಚುಕಲ್ಲು ಸುರಿದಂತೆ ಸದ್ದು. ಆಲಿಕಲ್ಲು! ಕಾದ ನೆಲದಿಂದ ಮೇಲೇಳುವ ಗಾಳಿಯು ಮಳೆಯ ಹನಿಗಳನ್ನು ನೀರು ಹೆಪ್ಪುಗಟ್ಟುವಷ್ಟು ಎತ್ತರಕ್ಕೆ ಒಯ್ದು, ಅವು ದಪ್ಪವಾಗಿ ಭಾರ ತಡೆಯಲಾರದಾದಾಗ ಕೆಳಕ್ಕೆ ಬಿಡುವುದು. ಆದುದರಿಂದಲೇ ನಮ್ಮಲ್ಲಿ ಮಂಜುಗಡ್ಡೆಯು ಬೀಳುವುದು ಚಳಿಗಾಲದಲ್ಲಲ್ಲ, ಕಡುಬೇಸಗೆಯಲ್ಲಿ. ಹಿತ್ತಿಲೆಲ್ಲ ಕ್ಷಣದಲ್ಲಿ ಬೆಳ್ಳಗಾಯಿತು. ಹುಡುಗನು ಒಂದು ಹಿಡಿ ಆಲಿಕಲ್ಲನ್ನು ಲೋಟದಲ್ಲಿ ತುಂಬಿಕೊಂಡು, "ನಮ್ಮ ಊರಿನ ಹಿಮ ಸದ್ದು ಮಾಡುವುದಿಲ್ಲ" ಎಂದನು.

ನಾವು ಅವನನ್ನು ನೋಡುತ್ತಿದ್ದಂತೆಯೇ ಅತ್ತೆಯವರು ಸಂಡಿಗೆಯ ಪಂಚೆಗಳ ಬಳಿಗೆ ಓಡಿದ್ದರು. ಕೈಹಿಡಿದು ಒಳಕ್ಕೆ ಕರೆತರುವಷ್ಟರಲ್ಲಿ ಅವರ ಸೀರೆಯು ಪೂರ್ಣವಾಗಿ ತೊಯ್ದಿದ್ದಿತು. ಆಗಲೇ ಬೀದಿಯಲ್ಲಿ ಸಿಡಿಲಿನಂತಹ ಶಬ್ದವಾಗಿ, ಮನೆಯೆದುರಿನ ಗುಲ್‌ಮೊಹರ್ ಮರವು ಹೂವಿನ ಸಮೇತವಾಗಿ ತಂತಿಗಳ ಮೇಲೆ ಮಲಗಿತು. ಮಡಗಾಸ್ಕರದಿಂದ ಬಂದ ಈ ಮರವು ನೋಡಲು ಎಷ್ಟು ಚೆಲುವೋ ಅದರ ಬೇರು ಅಷ್ಟು ಮೇಲುಮೇಲೆ; ಸಾಲದುದಕ್ಕೆ ಚರಂಡಿ ತೋಡುವಾಗ ಒಂದು ಪಕ್ಕದ ಬೇರುಗಳನ್ನು ಕಡಿದಿದ್ದರು. ದೀಪ ಹೋಯಿತು, ಬೀಸಣಿಗೆ ನಿಂತಿತು. ನೀರೆತ್ತುವ ಪಂಪು ನಡೆಯದೆ ಮಾಳಿಗೆಯ ತೊಟ್ಟಿಯೂ ರಾತ್ರಿಯ ಹೊತ್ತಿಗೆ ಬರಿದಾಗುವುದೆಂಬುದು ನಮಗೆ ಹೊಳೆಯಲಿಲ್ಲ. ಹುಡುಗನಿಗೆ ಹೊಳೆಯಿತು. ಹೇಳದೆ ಕೇಳದೆ ಹಂಡೆ, ಕೊಳದಪ್ಪಲೆ, ಬಕೀಟುಗಳನ್ನೆಲ್ಲ ಸೂರಿನ ನೀರಿಗೆ ಸಾಲಾಗಿ ಇಟ್ಟನು. ಎಲ್ಲಿ ಕಲಿತೆಯಪ್ಪಾ ಎಂದು ಕೇಳಿದರೆ, ಅಲ್ಲಿ ಹಿಮವನ್ನು ಕರಗಿಸಿ ಕಕ್ಕಸಿಗೆ ಸುರಿಯುತ್ತಿದ್ದೆವೆಂದು ಉತ್ತರ ಕೊಟ್ಟನು.

2021ರ ಫೆಬ್ರವರಿಯಲ್ಲಿ ಟೆಕ್ಸಾಸಿಗೆ ಬಂದ ಹಿಮದ ಬಿರುಗಾಳಿಯನ್ನು ಕುರಿತು ಅವನು ಆಡಿದ ಮಾತು ಅದು. ಅಂದು ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳೂ ಅವುಗಳಿಗೆ ಅನಿಲವನ್ನು ಒದಗಿಸುವ ಬಾವಿಗಳೂ ಹೆಪ್ಪುಗಟ್ಟಿದುವು. ಆ ಸಂಸ್ಥಾನದ ವಿದ್ಯುಜ್ಜಾಲವು ನೆರೆಯವರೊಡನೆ ಹೆಚ್ಚಾಗಿ ಸೇರದೆ ಪ್ರತ್ಯೇಕವಾಗಿರುವುದರಿಂದ ಬೇಕಾದಷ್ಟು ಕಡ ತರಲೂ ಆಗಲಿಲ್ಲ. ಸುಮಾರು 45 ಲಕ್ಷ ಮನೆಗಳು ಕತ್ತಲೆಯಲ್ಲಿ ಉಳಿದುವು. ಸರಕಾರದ ಲೆಕ್ಕದಂತೆಯೇ 246 ಮಂದಿ ಸತ್ತರು. ನಮ್ಮ ತಮ್ಮನ ಸಂಸಾರವು ಒಂದೇ ಕೋಣೆಯಲ್ಲಿ, ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಮೂರು ರಾತ್ರಿಗಳನ್ನು ಕಳೆದಿದ್ದಿತು. ಆಗ ನಾವು ಇಲ್ಲಿಂದ ದೂರವಾಣಿಯಲ್ಲಿ "ಬೆಚ್ಚಗಿರಿ" ಎಂದು ಬುದ್ಧಿ ಹೇಳಿದ್ದೇ ಹೇಳಿದ್ದು!

ಸಂಜೆಯಾಯಿತು. ದೇವರ ಮನೆಯ ಎಣ್ಣೆಯ ದೀಪಗಳನ್ನು ನಡುಮನೆಗೆ ತಂದೆವು. ಸೀರೆಯನ್ನು ಬದಲಾಯಿಸಿದರೂ ಅತ್ತೆಯವರ ನಡುಕ ನಿಲ್ಲಲಿಲ್ಲ. ಅಟ್ಟದ ಮೇಲಿದ್ದ ಅಗ್ಗಿಷ್ಟಿಕೆಯನ್ನು ಇಳಿಸಿ, ಇದ್ದಲಿಗೆ ಕೆಂಡ ಮಾಡಿ ಅವರ ಮಂಚದ ಬಳಿ ಇಟ್ಟು, ಗಾಳಿ ಬಾರದಂತೆ ಕಿಟಕಿಗಳನ್ನು ಮುಚ್ಚಿದೆವು. ಹುಡುಗನು ಬಾಗಿಲಿಗೆ ಬಂದು ನೋಡಿದವನು ಬೆಚ್ಚಿ, "ಬೇಡಿ ದೊಡ್ಡಪ್ಪಾ, ಮುಚ್ಚಿದ ಮನೆಯಲ್ಲಿ ಇದ್ದಲು ಉರಿಸಿ ಅಲ್ಲಿ ಜನ ಸತ್ತರು" ಎಂದನು. ಆ ಹೊಗೆಯಿಲ್ಲದ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲವೆಂಬುದನ್ನು ನಾವು ಓದಿದ್ದೆವು, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಉಬ್ಬಸದವರ ಕೋಣೆಯಲ್ಲಿ ನಾವು ಮಾಡಹೊರಟಿದ್ದ ಉಪಚಾರ ಅದು. ಅಗ್ಗಿಷ್ಟಿಕೆಯು ಹಿತ್ತಿಲಿಗೆ ಹೋಯಿತು. ಅದರ ಬದಲು ಗ್ಯಾಸಿನ ಒಲೆಯಲ್ಲಿ ನೀರು ಕಾಯಿಸಿ, ಸೀಸೆಗಳಲ್ಲಿ ತುಂಬಿ ಬಟ್ಟೆ ಸುತ್ತಿ ಅವರ ಕಾಲಿನ ಬಳಿ ಇರಿಸಿದೆವು.

ಎಂಟು ಗಂಟೆಗೆ ಅವರಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಎಳೆದುಕೊಳ್ಳುವ ಔಷಧಿಯಿಂದ ಶಮನವಾಗಲಿಲ್ಲ. ಔಷಧಿಯನ್ನು ಆವಿಯಂತೆ ಮಾಡಿಕೊಡುವ ಯಂತ್ರವು ಮನೆಯಲ್ಲಿಯೇ ಇದ್ದಿತು, ವಿದ್ಯುತ್ತಿಲ್ಲದೆ ಅದು ಬರಿಯ ಡಬ್ಬಿ. ನಾಲ್ಕು ಮನೆಗಳಾಚೆ ನಿವೃತ್ತರಾದ ಮೇಷ್ಟರೊಬ್ಬರ ಮನೆಯಲ್ಲಿ ಇನ್‌ವರ್ಟರ್ ಇದೆಯೆಂದು ತಿಳಿಯಿತು. ಬೀದಿಗೆ ಅಡ್ಡವಾಗಿ ಮರ, ಮರದಡಿಯಲ್ಲಿ ತಂತಿ. ಆಗ ನಮ್ಮ ನೆರವಿಗೆ ಬಂದುದು ಮೈಸೂರಿನ ಕನ್ಸರ್ವೆನ್ಸಿ. ಮನೆಗಳ ಹಿಂದುಗಡೆ ಜಾಡಮಾಲಿಗಳ ಓಡಾಟಕ್ಕೆಂದು ಬಿಟ್ಟ ಈ ಸಣ್ಣ ಓಣಿಗಳನ್ನು ಹೊಸಬರು ಮೂಗು ಮುಚ್ಚಿಕೊಂಡು ದಾಟುವರು. ಆ ರಾತ್ರಿ ಪಕ್ಕದ ಮನೆಯ ಇಬ್ಬರು ಯುವಕರು ಅತ್ತೆಯವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಹೊತ್ತುಕೊಂಡು, ಮೊಣಕಾಲುದ್ದ ಎಲೆಕೊಂಬೆಗಳ ನಡುವೆ ಆ ಓಣಿಯಲ್ಲಿ ನಡೆದರು. ಮುಂದೆ ಹುಡುಗನು ಲಾಟೀನು ಹಿಡಿದಿದ್ದನು. ಹತ್ತು ನಿಮಿಷದ ದಾರಿಯಲ್ಲಿ ಯಾರೂ ಮಾತನಾಡಲಿಲ್ಲ. ಅವರ ಉಸಿರಿನ ಸೀಟಿ ಮಾತ್ರ ಕೇಳುತ್ತಿದ್ದಿತು.

ಯಂತ್ರವು ಗುರ್ ಎಂದಿತು. ಕಾಲು ಗಂಟೆಯ ಮೇಲೆ ಅತ್ತೆಯವರು ಮುಖದ ಮುಚ್ಚಳವನ್ನು ತಾವೇ ಸರಿಸಿ, "ನನಗೂ ಒಂದು ಜಂಬೂಸವಾರಿ ಆಯಿತಲ್ಲೋ" ಎಂದರು. ಮೇಷ್ಟರ ಮನೆಯಾಕೆಯು ಕೊಟ್ಟ ಕಾಫಿಯು ನಮಗೆ ಗಂಟಲಿನಲ್ಲಿ ಇಳಿದುದು ಆಗ.

ಅವರನ್ನು ಅಲ್ಲಿಯೇ ಮಲಗಿಸಿ, ಮೇಷ್ಟರೊಡನೆ ಮಾಳಿಗೆಯನ್ನು ಹತ್ತಿದೆವು. ಮಳೆ ನಿಂತಿದ್ದಿತು. ಅರಮನೆಯ ದಿಕ್ಕಿನಲ್ಲಿಯೂ ಕತ್ತಲೆ, ಬೆಟ್ಟದ ದಾರಿಯ ದೀಪಗಳೂ ಇಲ್ಲ. ಮೇಷ್ಟರು ಹುಡುಗನಿಗೆ ಪಾಠವನ್ನೇ ಹೇಳಿದರು: 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದುದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, ಮಹಾರಾಜರ ಊರಿಗೆ ಬಂದುದು 1908ರಲ್ಲಿ. ಚಿನ್ನವು ಮುಂದೆ, ಅರಸು ಹಿಂದೆ! ಹುಡುಗನು ಕೇಳುತ್ತಿದ್ದನೋ, ಮೋಡ ಹರಿದ ಕಡೆಯಲ್ಲಿ ನಕ್ಷತ್ರಗಳನ್ನು ಎಣಿಸುತ್ತಿದ್ದನೋ ತಿಳಿಯದು.

ಮಾರನೆಯ ಬೆಳಿಗ್ಗೆ ಮರ ಕಡಿಯುವವರು ಬಂದರು. ಹಸಿಮರದ ವಾಸನೆಯು ಬೀದಿಯನ್ನೆಲ್ಲ ತುಂಬಿತು. ತಂತಿಯವರು ಬಂದುದು ಮಧ್ಯಾಹ್ನದ ಮೇಲೆ. ಐದು ಗಂಟೆಗೆ ದೀಪ ಬಂದಿತು. ಹುಡುಗನು ಶೈತ್ಯಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ಆಲಿಕಲ್ಲಿನ ಲೋಟದಲ್ಲಿ ಬರಿಯ ನೀರಿದ್ದಿತು. ಅತ್ತೆಯವರು ಅದನ್ನು ತುಳಸಿಗೆ ಹಾಕಿದರು. ನೆನೆದ ಸಂಡಿಗೆಯನ್ನು ಹಸುವಿಗೆ ಕೊಡಿಸಿದರು.

ಬುಧವಾರ ನಾವು ಹಿಂದಿರುಗಬೇಕಾಗಿದ್ದಿತು. ಅರಮನೆಯ ದೀಪವನ್ನು ನೋಡದೆಯೇ ಹೊರಟ ಹುಡುಗನ ಕೈಗೆ ಅತ್ತೆಯವರು ಕೊಬ್ಬರಿಮಿಠಾಯಿಯ ಡಬ್ಬಿಯನ್ನಿತ್ತು, "ದಸರೆಗೆ ಬಾ, ಆಗ ಹತ್ತು ದಿನವೂ ಹಚ್ಚುತ್ತಾರೆ. ಬರುವಾಗ ನಿಮ್ಮಮ್ಮನನ್ನೂ ಕರೆದುಕೊಂಡು ಬಾ" ಎಂದರು.