ಟೇಬಲ್ ಗಂಡು, ಹುಡುಗಿ ಅದು

ಅಕ್ಕ-ಭಾವ ಜೂನ್‌ನಲ್ಲಿ ಮ್ಯೂನಿಕ್‌ಗೆ ಹೊರಟಿದ್ದಾರೆ. ಎಂಟು ವರ್ಷದ ಮಗಳಿಗೆ ಆನ್‌ಲೈನಲ್ಲಿ ಜರ್ಮನ್ ಟ್ಯೂಷನ್. ಸೆಮ್ ರಜೆ ನೋಡಿ, ಪಕ್ಕದಲ್ಲಿ ಕೂರೋ ಡ್ಯೂಟಿ ನಂದು.

ಮೊನ್ನೆ ಮೇಷ್ಟ್ರು ಕಾಲ್ ಕಟ್ ಮಾಡಿದ್ದೇ ತಡ, ಪುಸ್ತಕ ಎಸೆದಳು. "ಮಾಮ, ಟೇಬಲ್ಲಿಗೆ 'ಡೆರ್' ಅಂತೆ, ಗಂಡು! ಹುಡುಗಿಗೆ 'ದಾಸ್', ಅದು ಇದು ಅನ್ನೋ ಹಾಗೆ. ನಾನು ಅಲ್ಲಿಗೆ ಬರಲ್ಲ."

ಹುಡುಗಿ ಅಂದ್ರೆ 'ಮೇಡ್ಷೆನ್'. ಕೊನೆಗೆ 'ಷೆನ್' ಬಂದ್ರೆ ಪುಟ್ಟದು ಅಂತ, ಅಂಥ ಪದಗಳೆಲ್ಲ 'ದಾಸ್'. ಮೇಷ್ಟ್ರು ಇದನ್ನ ಇಂಗ್ಲಿಷಲ್ಲಿ ಹೇಳಿದ್ರು, ಇವಳು ಕೇಳಿಸಿಕೊಂಡಿರಲಿಲ್ಲ.

"ಪಕ್ಕದ ಮನೆ ಮಗು ಏನ್ಮಾಡ್ತಿದೆ?"

"ಅಳ್ತಿದೆ."

"ಅಳ್ತಿದಾಳೆ ಅನ್ನಲಿಲ್ವಲ್ಲ!"

ಸ್ವಲ್ಪ ನಕ್ಕಳು. ಅದೇ ಧೈರ್ಯದಲ್ಲಿ 'ವೈಲ್' ತೆಗೆದೆ. 'ವೈಲ್' ಅಂದ್ರೆ ಯಾಕಂದ್ರೆ. ಅದು ಬಂದ್ರೆ ಕ್ರಿಯಾಪದ ಕೊನೆಗೆ ಹೋಗತ್ತೆ. 'ವೈಲ್ ಇಶ್ ಹುಂಗರ್ ಹಾಬೆ', ಯಾಕಂದ್ರೆ ನಂಗೆ ಹಸಿವು ಇದೆ. ಇಂಗ್ಲಿಷಲ್ಲಿ ಯೋಚಿಸಿ ನಾನು ವಾರಗಟ್ಟಲೆ ತಪ್ಪಿದ್ದೆ. ಕನ್ನಡದಲ್ಲಿ ಅದು ಹಾಗೇ ಇದೆ.

"ಈಗ ನೀನೊಂದು ಹೇಳು."

ತುಂಬಾ ಹೊತ್ತು ಪೆನ್ಸಿಲ್ ಕಚ್ಚಿದಳು. "ಇಶ್ ಕೊಮ್ಮೆ ನಿಶ್ಟ್, ವೈಲ್ ಇಶ್ ಆಂಗ್ಸ್ಟ್ ಹಾಬೆ."

ಬರಲ್ಲ, ಯಾಕಂದ್ರೆ... 'ಆಂಗ್ಸ್ಟ್' ನಂಗೆ ಗೊತ್ತಿರಲಿಲ್ಲ. ಫೋನಲ್ಲಿ ನೋಡ್ದೆ: ಭಯ.

ಕ್ರಿಯಾಪದ ಸರಿಯಾದ ಜಾಗದಲ್ಲೇ ಇತ್ತು. ನಾನು ಪುಸ್ತಕ ಮುಚ್ಚಿದೆ.