ಹೊಗೆ ಕೊಳವೆಯ ಬಾಣಂತಿ

ಚಿಂತಾಮಣಿ ತಾಲೂಕಿನ ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ಹಳೆಯದೊಂದು ಅಸ್ತ್ರ ಒಲೆಯಿದೆ. ಸೌದೆ ಉಳಿಯಲಿ, ಹೆಂಗಸರ ಕಣ್ಣಿಗೆ ಹೊಗೆ ತಾಗದಿರಲಿ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆಯದು. ಗ್ಯಾಸ್ ಬಂದ ಮೇಲೆ ಅದರ ಹೊಗೆ ಕೊಳವೆ ತಣ್ಣಗಾಯಿತು.

2023ರ ಬೇಸಿಗೆಯಲ್ಲಿ ಸಿಲಿಂಡರ್ ಮುಗಿದ ದಿನವೇ ಮನೆ ತುಂಬ ನೆಂಟರು. ಒಲೆಗೆ ಸೌದೆಯಿಟ್ಟು ಕಡ್ಡಿ ಗೀರಬೇಕು, ಕೊಳವೆಯಿಂದ ಚಿಂವ್ ಚಿಂವ್ ಸದ್ದು. ತಮ್ಮ ಮಾಳಿಗೆ ಹತ್ತಿ ಇಣುಕಿದ. ನಾರಿನ ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಎರಡು ಅಳಿಲು ಮರಿಗಳು.

“ಸ್ವಲ್ಪ ಹೊಗೆ ಹಾಕಿ, ತಾಯಿಯೇ ಹೊತ್ತೊಯ್ಯುತ್ತದೆ” ಎಂದರು ಚಿಕ್ಕಪ್ಪ.

“ಹೊಗೆ ಮೊದಲು ತಟ್ಟುವುದು ಓಡಲಾರದ ಮರಿಗಳಿಗೆ” ಎಂದರು ಅಮ್ಮ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಲ್ಲೇ ಅನ್ನ ಬೇಯಿಸಿದರು. ಹೊಗೆಗೆ ಅವರ ಕಣ್ಣುಗಳೇ ಕೆಂಪಾದವು.

ನಮ್ಮ ಓಡಾಟದ ಗದ್ದಲಕ್ಕೋ ಏನೋ, ಮರುದಿನ ಬೆಳಿಗ್ಗೆ ತಾಯಿ ಅಳಿಲು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹುಣಸೆ ಮರಕ್ಕೆ ಸಾಗಿಸಿತು. ಗೂಡು ಬರಿದಾಯಿತೆಂದು ಎರಡು ಸಲ ನೋಡಿಯೇ ಕೊಳವೆಯ ಬಾಯಿಗೆ ತಂತಿ ಬಲೆ ಕಟ್ಟಿದೆವು. ಒಳಗೆ ಜೀವವಿರುವಾಗ ಬಾಯಿ ಮುಚ್ಚುವುದೂ ಬೆಂಕಿ ಇಟ್ಟಂತೆಯೇ ಅಲ್ಲವೇ?