ನದೀಮೂಲ ಹುಡುಕುವ ಸುಖ

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ಹಿರಿಯರು ಯಾವ ಅರ್ಥದಲ್ಲಿ ಹೇಳಿದರೋ, ನೀರಿನ ಮಟ್ಟಿಗೆ ನಾನು ಆ ಮಾತು ಪಾಲಿಸುವವನಲ್ಲ. ಕಾಡಿನಲ್ಲಿ ಹಳ್ಳವೊಂದು ಸಿಕ್ಕಿತೆಂದರೆ ಬೊಗಸೆ ಒಡ್ಡುವ ಮೊದಲು ನನ್ನ ಕಾಲು ಅದರ ಮೇಲ್ಭಾಗಕ್ಕೆ ಹೊರಟುಬಿಡುತ್ತದೆ. ಈ ನೀರು ಎಲ್ಲಿ ಹುಟ್ಟಿತು, ಬರುವ ದಾರಿಯಲ್ಲಿ ಏನೇನನ್ನು ಮುಟ್ಟಿ ಬಂತು ಎಂದು ತಿಳಿಯದೆ ಸಮಾಧಾನವಿಲ್ಲ. ಜೊತೆಗೆ ಬಂದವರು ಬಂಡೆಯ ಮೇಲೆ ಕೂತು ಚಕ್ಕುಲಿ ಮುರಿಯುತ್ತಿರುತ್ತಾರೆ. ನಾನು ಕಾಲಿಗೆ ಹತ್ತಿದ ಇಂಬಳ ಕೊಡವುತ್ತ, ಕಲ್ಲಿನಿಂದ ಕಲ್ಲಿಗೆ ದಾಟುತ್ತ ಮೇಲೆ ಹೋಗುತ್ತಿರುತ್ತೇನೆ. ಚಾರಣದಲ್ಲಿ ನನಗೆ ಶಿಖರಕ್ಕಿಂತ ಪ್ರಿಯವಾದದ್ದು ಇದು.

ಕುದುರೆಮುಖದ ಕಡೆಯ ಹುಲ್ಲುಗುಡ್ಡಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಗುಡ್ಡದ ಮೈ ಬೋಳು, ಸಂದುಗಳಲ್ಲಿ ಮಾತ್ರ ಶೋಲಾ ಕಾಡು. ಮಳೆಗಾಲದಲ್ಲಿ ಸುರಿದದ್ದನ್ನು ಆ ಕಾಡಿನ ತರಗೆಲೆ, ಬೇರು, ಮಣ್ಣು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಫೆಬ್ರುವರಿಯಲ್ಲಿ ಹುಲ್ಲೆಲ್ಲ ಒಣಗಿ ನಿಂತಾಗಲೂ ಶೋಲಾದ ಅಂಚಿನ ಬಂಡೆಯ ಬಿರುಕಿನಿಂದ ಬೆರಳು ಗಾತ್ರದ ನೀರು ಇಳಿಯುತ್ತಿರುತ್ತದೆ. ಅಂಥ ಒರತೆ ಕಂಡರೆ ನನಗೆ ಹಬ್ಬ. ನೆಲದೊಳಗಿಂದ ಆಗತಾನೆ ಹೊರಬಿದ್ದ ನೀರದು. ಅದೇ ನೀರು ನೂರು ಮಾರು ಕೆಳಗಿಳಿಯುವಷ್ಟರಲ್ಲಿ ಕಡವೆ ಹೊರಳಿದ ಕೆಸರು, ಕಾಟಿಯ ಸಗಣಿ, ಮನುಷ್ಯರ ಹೊಲಸು ಎಲ್ಲವೂ ಸೇರಿಕೊಂಡಿರಬಹುದು. ಹರಿಯುವ ನೀರಿಗೆ ದೋಷವಿಲ್ಲ ಎನ್ನುವುದು ಪೂಜೆಗೆ ಸರಿ, ಹೊಟ್ಟೆಗೆ ಸಾಲದು.

ಹೀಗೆ ನೋಡುವುದನ್ನು ಕಲಿಸಿಕೊಟ್ಟವರು ಕಳಸದ ಹತ್ತಿರದ ಒಬ್ಬ ಹಿರಿಯರು, ಅಡಿಕೆ ತೋಟದವರು. ಅವರ ಮನೆಗೆ ಗುಡ್ಡದ ಅಬ್ಬಿ ನೀರೇ ಆಧಾರ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದದ್ದು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. "ನೀರನ್ನೇ ನೋಡ್ತಾ ನಿಂತ್ರೆ ಏನು ಗೊತ್ತಾಗ್ತದೆ ಮಾರಾಯ್ರೆ? ಮೇಲೆ ಹೋಗಿ ನೋಡಿ. ಕೊಟ್ಟಿಗೆ ಉಂಟಾ, ತೋಟ ಉಂಟಾ, ಮನೆ ಉಂಟಾ ಅಂತ" ಎಂದು ತಮ್ಮ ಒರತೆಯ ತನಕ ಕರೆದುಕೊಂಡು ಹೋದರು. ಒರತೆಯ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿತ್ತು. ದನ ನುಗ್ಗದಂತೆ ಸುತ್ತ ಬೇಲಿ. ಮೇಲ್ಗಡೆ ಮಳೆನೀರು ಬದಿಗೆ ಸರಿದುಹೋಗಲೆಂದು ಅರ್ಧಚಂದ್ರಾಕಾರದ ಕಾಲುವೆ. ನೀರಿನ ಸುರಕ್ಷತೆಯ ಬಗ್ಗೆ ನಾನು ಆಮೇಲೆ ಎಷ್ಟೇ ಓದಿದರೂ, ಆ ಚಪ್ಪಡಿ, ಬೇಲಿ, ಕಾಲುವೆ ಮೂರರಲ್ಲಿ ಇಲ್ಲದ ದೊಡ್ಡ ತತ್ವವೇನೂ ಸಿಗಲಿಲ್ಲ.

ಮೇಲೆ ಹತ್ತುವಾಗ ಓದಿಕೊಳ್ಳಲು ಬೇಕಾದಷ್ಟಿರುತ್ತದೆ. ಕಬ್ಬಿಣದ ಅದಿರಿನ ಆ ಸೀಮೆಯಲ್ಲಿ ನೀರು ಜಿನುಗುವ ಕಡೆ ಕಿತ್ತಳೆ ಬಣ್ಣದ ಲೋಳೆ, ಅದರ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ ಕಾಣುತ್ತದೆ. ಹೊಸಬರು ಡೀಸೆಲ್ ಎಂದು ಹೆದರುತ್ತಾರೆ. ಒಂದು ಕಡ್ಡಿಯಿಂದ ಆ ಪೊರೆಯನ್ನು ಮೆಲ್ಲಗೆ ತಿವಿದು ನೋಡಬೇಕು. ಡೀಸೆಲ್ಲಾದರೆ ಸುಳಿ ಸುತ್ತಿ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣವನ್ನು ಉಂಡು ಬದುಕುವ ಬ್ಯಾಕ್ಟೀರಿಯಾ ಕಟ್ಟಿದ ಪೊರೆಯಾದರೆ ಚೂರುಚೂರಾಗಿ ಒಡೆಯುತ್ತದೆ, ಚೂರುಗಳು ಚೂಪು ಮೂಲೆಗಳೊಂದಿಗೆ ಹಾಗೇ ತೇಲುತ್ತವೆ. ನೀರಿಗೆ ಕಬ್ಬಿಣದ ಒಗರಿರಬಹುದು, ಆದರೆ ಈ ಬ್ಯಾಕ್ಟೀರಿಯಾ ಕಾಯಿಲೆ ತರುವಂಥದ್ದಲ್ಲ. ಆ ಪೊರೆ ಒಡೆಯುವುದನ್ನು ನೋಡಲು ನನಗೆ ಇವತ್ತಿಗೂ ಬೇಸರ ಬಂದಿಲ್ಲ.

ಹಳ್ಳದ ಕಲ್ಲು ಮಗುಚಿ ನೋಡುವುದು ಇನ್ನೊಂದು ಸುಖ. ಅಡಿಯಲ್ಲಿ ಎರಡು ಬಾಲದ, ಮೂರು ಬಾಲದ ಚಪ್ಪಟೆ ಮರಿಹುಳಗಳು ಸರ್ರನೆ ಅಂಚಿಗೆ ಓಡಿದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದರ್ಥ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ, ಅಕ್ಕಿಕಾಳಿನಷ್ಟು ಕೊಳವೆ ಕಟ್ಟಿಕೊಂಡು ಒಳಗಿರುವ ಹುಳವೂ ಅಲ್ಲೇ ಸಿಗುತ್ತದೆ. ಅವ್ಯಾವುವೂ ಇಲ್ಲದೆ ಕೆಸರಿನಲ್ಲಿ ಬರೀ ಕೆಂಪು ಹುಳಗಳು ಮಿಜಿಗುಟ್ಟುತ್ತಿದ್ದರೆ ಕೊಳಕು ಸೇರಿದೆ ಎಂದು ತಿಳಿದು ಮುಂದೆ ಹೋಗುತ್ತೇನೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಮಗುಚಿಡಬೇಕು, ಅದು ಅವುಗಳ ಮನೆ.

ಆದರೆ ಹುಳಗಳ ಸಾಕ್ಷಿಗೂ ಮಿತಿಯಿದೆ. ಆಮ್ಲಜನಕದ ಸುದ್ದಿ ಹೇಳುವ ಹುಳ, ಬೆಳಿಗ್ಗೆ ಮೇಲ್ಗಡೆ ಯಾರೋ ಬಹಿರ್ದೆಸೆಗೆ ಕೂತಿದ್ದನ್ನು ಹೇಳುವುದಿಲ್ಲ. ಟೈಫಾಯ್ಡ್, ಕಾಮಾಲೆ, ಆಮಶಂಕೆಗಳನ್ನು ಹೊತ್ತ ನೀರು ನೋಡಲು ಸ್ಫಟಿಕದಂತೆ ಇರಬಲ್ಲದು, ರುಚಿಯಾಗಿಯೂ ಇರಬಲ್ಲದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತಮುತ್ತ ಕಾಲರಾ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದಾಗ, ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆಯೂ ಸತ್ತಳು. ಹಿಂದೆ ಅದೇ ಬೀದಿಯಲ್ಲಿದ್ದ ಆಕೆಗೆ ಆ ಪಂಪಿನ ನೀರೇ ರುಚಿ, ಹಾಗಾಗಿ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಕಾಲರಾ ನೀರಿನಿಂದ ಹರಡುತ್ತದೆ ಎಂಬ ತನ್ನ ವಾದಕ್ಕೆ ವೈದ್ಯ ಜಾನ್ ಸ್ನೋ ಕೊಟ್ಟ ಬಲವಾದ ಆಧಾರಗಳಲ್ಲಿ ಇದೂ ಒಂದು. ನಾಲಿಗೆಯನ್ನು ನಂಬುವವರಿಗೆ ನಾನು ಈ ಕತೆ ಹೇಳುತ್ತೇನೆ.

ಕಣ್ಣಿಗೆ ಕಾಣದ್ದನ್ನು ಕಾಣಿಸುವ ಸರಳ ಉಪಾಯವೊಂದನ್ನು ನಮ್ಮ ದೇಶದ ವಿಜ್ಞಾನಿಗಳೇ, ಮಂಜ ಮತ್ತು ಸಂಗಡಿಗರು, 1982ರಲ್ಲಿ ಪ್ರಕಟಿಸಿದರು. ಪುಟ್ಟ ಬಾಟಲಿ, ಒಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಬೇಕು. ನೀರಿಗೆ ಮಲ ಸೇರಿದ್ದರೆ ಅದರ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡ್‌ನಿಂದ, ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಗಂಧಕವಿರುವ ಒರತೆ ತನ್ನಿಂದ ತಾನೇ ಕಪ್ಪಾಗಬಹುದು. ಕಪ್ಪಾಗಲಿಲ್ಲವೆಂದ ಮಾತ್ರಕ್ಕೆ ವೈರಸ್ ಇಲ್ಲವೆಂದೂ ಅಲ್ಲ. ಬಾಯಾರಿದವನಿಗೆ ಇದರಿಂದ ತಕ್ಷಣಕ್ಕೆ ಉಪಯೋಗವಿಲ್ಲ, ಕಣ್ಣು ಪಳಗಿಸಿಕೊಳ್ಳಲು ಮಾತ್ರ ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಒರತೆಯಲ್ಲಿ ಒಂದು ಬಾಟಲಿ, ಅದೇ ಹಳ್ಳ ಚಾರಣದ ದಾರಿಯನ್ನು ದಾಟುವಲ್ಲಿ ಇನ್ನೊಂದು ತುಂಬಿ ತಂದು ಕಿಟಕಿಯ ಬಳಿ ಇಟ್ಟರೆ, ಮಾರನೆಯ ದಿನ ಎರಡನೆಯದರ ತಳದಲ್ಲಿ ಮೊದಲು ಬೂದಿ ಬಣ್ಣ ಕಾಣಿಸಿಕೊಂಡು, ಸಂಜೆಯೊಳಗೆ ಕಾಡಿಗೆಯಷ್ಟು ಕಪ್ಪಾಗುತ್ತದೆ. ಬೆಟ್ಟದಲ್ಲಿ ಎರಡೂ ಒಂದೇ ತರ ಹೊಳೆಯುತ್ತಿದ್ದವು.

ಆದ್ದರಿಂದ ಎಷ್ಟು ಚೆಂದದ ಒರತೆಯಾದರೂ ನಾನು ಕುದಿಸಿಯೇ ಕುಡಿಯುವುದು. ಹುಡುಕಾಟ ಇರುವುದು ಒಳ್ಳೆಯ ನೀರನ್ನು ಆರಿಸಲು, ಒಲೆಗೆ ರಜೆ ಕೊಡಲಲ್ಲ. ಬೆಟ್ಟದ ಮೇಲೆ ನೀರು ನೂರು ಡಿಗ್ರಿಗೆ ಮೊದಲೇ ಕುದಿಯುತ್ತದಲ್ಲ, ಸಾಕೇ ಎಂದು ಕೇಳುವವರಿದ್ದಾರೆ. ಎರಡು ಸಾವಿರ ಮೀಟರಿನ ಕೆಳಗೆ ಕೊತಕೊತ ಒಂದು ನಿಮಿಷ, ಅದಕ್ಕೂ ಮೇಲೆ ಮೂರು ನಿಮಿಷ ಎನ್ನುವುದು ಲೆಕ್ಕ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮುಟ್ಟುವುದಿಲ್ಲ. ಕ್ಲೋರಿನ್ ಮಾತ್ರೆ ಹಗುರ, ಆದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿ ಅದಕ್ಕೆ ಜಗ್ಗುವುದಿಲ್ಲ. ಚಾರಣಿಗರು ಒಯ್ಯುವ ಸಣ್ಣ ಫಿಲ್ಟರ್ ಅದನ್ನು ಹಿಡಿಯುತ್ತದೆ, ಕಾಮಾಲೆಯ ವೈರಸ್ಸನ್ನು ಬಿಟ್ಟುಬಿಡುತ್ತದೆ. ಕುದಿತಕ್ಕೆ ಎರಡೂ ಸಾಯುತ್ತವೆ. ನೀರು ಕದಡಿದ್ದರೆ ಮೊದಲು ಹಳೆಯ ಹತ್ತಿ ಸೀರೆಯ ತುಂಡನ್ನು ಮಡಿಸಿ ಸೋಸುತ್ತೇನೆ. ಹಲವು ಪದರಗಳಾಗಿ ಮಡಿಸಿದ ಹಳೆ ಸೀರೆಯಲ್ಲಿ ಸೋಸಿದ್ದರಿಂದಲೇ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕಿಳಿಯಿತು ಎಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಬರೆದರು. ನವೆದ ನೂಲು ಸಡಿಲಗೊಂಡು ಸಂದುಗಳನ್ನು ಮುಚ್ಚುವುದರಿಂದ ಹೊಸದಕ್ಕಿಂತ ಹಳೆಯದೇ ಮೇಲು.

ಕುದಿಸಿದರೂ ನಾನು ಕುಡಿಯದ ನೀರೊಂದಿದೆ, ತೋಟ ಹಾದು ಬಂದ ನೀರು. ಕೊಳೆರೋಗಕ್ಕೆಂದು ಅಡಿಕೆಗೆ ಹೊಡೆದ ಮೈಲುತುತ್ತ, ಕಾಫಿ ಗಿಡಕ್ಕೆ ಹೊಡೆದ ಕೀಟನಾಶಕ, ಕೊಯ್ಲಿನ ಕಾಲದಲ್ಲಿ ಹಳ್ಳಕ್ಕೆ ಬಿಟ್ಟ ಪಲ್ಪಿಂಗ್ ನೀರು, ಯಾವುದಕ್ಕೂ ಬೆಂಕಿಯ ಭಯವಿಲ್ಲ. ಕುದಿದಷ್ಟೂ ನೀರು ಬತ್ತಿ ಅವು ಗಟ್ಟಿಯಾಗುತ್ತವೆ. ಮುಂಗಾರಿನ ಮೊದಲ ಹೊಸನೀರನ್ನೂ ಮುಟ್ಟುವುದಿಲ್ಲ. ಬೇಸಿಗೆಯಿಡೀ ಗುಡ್ಡದ ಮೇಲೆ ಬಿದ್ದದ್ದೆಲ್ಲ ಅದರಲ್ಲಿ ಇಳಿದುಬರುತ್ತದೆ.

ಈಚೆಗೆ ಒರತೆಯ ಪಕ್ಕದಲ್ಲೇ ಟಿಶ್ಯೂ ಕಾಗದ ಬಿದ್ದಿರುವುದನ್ನು ಕಾಣುತ್ತೇನೆ, ಕಂಡಾಗ ಸಿಟ್ಟು ತಡೆಯಲಾಗುವುದಿಲ್ಲ. ಜೊತೆಗೆ ಬರುವವರಿಗೆ ಹೊರಡುವ ಮೊದಲೇ ಹೇಳಿಬಿಡುತ್ತೇನೆ: ಹಳ್ಳದಿಂದ ಎಪ್ಪತ್ತು ಹೆಜ್ಜೆ ಆಚೆ ಹೋಗಿ, ಗೇಣುದ್ದ ಗುಂಡಿ ತೋಡಿ, ಮಣ್ಣು ಮುಚ್ಚಿ ಬನ್ನಿ, ಪಾತ್ರೆ ತೊಳೆಯಲು, ಸೋಪು ಹಚ್ಚಲು ನೀರನ್ನು ದೂರಕ್ಕೆ ಹೊತ್ತೊಯ್ಯಿರಿ. ಅದೇ ಹಳ್ಳದ ಕೆಳಗೆ ಎಲ್ಲೋ ಒಂದು ಮನೆಯ ಅಂಗಳಕ್ಕೆ ಕಪ್ಪು ಪೈಪು ಇಳಿದಿರುತ್ತದೆ.